ಬಿಚ್ಚಲಾರದ ಹೊದಿಕೆ

ತವರಿನಿಂದ ಮರಳಿದ ದಿನ ಮುಖ ತೊಳೆಯಲು ಬಚ್ಚಲಿಗೆ ಹೊರಟ ಮನೆಯ ಕಿರಿಸೊಸೆ ಚಿಕ್ಕವಳು ಬಾಗಿಲಲ್ಲೇ ನಿಂತುಬಿಟ್ಟಳು. ಹೊಸ್ತಿಲ ಮುಂದೆ ಹೊಸ ಕಾಲೊರಸೊಂದು ಹಾಸಿತ್ತು. ನಡುವೆ ಕಂದು, ಅದರ ಸುತ್ತ ಬೂದು, ಅಂಚಿಗೆ ಅಗಲವಾದ ಹಳದಿ. ಆ ಹಳದಿ ಉಲ್ಲನ್ನನ್ನು ಅವಳು ಬಗ್ಗಿ ನೋಡಬೇಕಾಗಿರಲಿಲ್ಲ. ಅಂಗಡಿಯಲ್ಲಿ ಅದನ್ನು ಕೆನ್ನೆಗೆ ಒತ್ತಿಕೊಂಡು, ಚುಚ್ಚುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೊಂಡು ತಂದವಳು ಅವಳೇ.

ಕೋಣೆಗೆ ಹೋಗಿ ಕಪಾಟಿನ ಕೆಳಗಿನ ಡ್ರಾಯರ್ ಎಳೆದಳು. ಮಗುವಿಗೆಂದು ಹೆಣೆಯುತ್ತಿದ್ದ ಹೊದಿಕೆ ಅಲ್ಲಿರಲಿಲ್ಲ.

ಅಡುಗೆಮನೆಯಲ್ಲಿ ಓರಗಿತ್ತಿ ಪಾತ್ರೆ ಒರೆಸುತ್ತಿದ್ದಳು. ಗಂಡನ ಅಣ್ಣನ ಹೆಂಡತಿ, ಮನೆಯ ದೊಡ್ಡವಳು. ಅಣ್ಣತಮ್ಮಂದಿರು ಸೇರಿ ಟೈರಿನ ಅಂಗಡಿ ನಡೆಸುತ್ತಿದ್ದರು, ಇಬ್ಬರ ಸಂಸಾರವೂ ಒಂದೇ ಮನೆಯಲ್ಲಿ.

"ಅಕ್ಕಾ, ನನ್ನ ಡ್ರಾಯರಲ್ಲಿ ಒಂದು ಹಳದಿ..."

"ಓ, ಅದಾ? ಬಿಚ್ಚಿದೆ ಕಣೆ. ಅರ್ಧಂಬರ್ಧ ಬಿದ್ದಿತ್ತಲ್ಲ, ಇನ್ನು ಯಾರಿಗೆ ಅಂತ? ನಿನ್ನ ಹೊಲಿಗೆ ಎಷ್ಟು ಸಡಿಲ ಅಂದ್ರೆ, ಒಂದು ಎಳೆ ಎಳೆದೆ ನೋಡು, ಸರ್ರ್ ಅಂತ ಪೂರ್ತಿ ಬಂದ್ಬಿಡ್ತು." ದೊಡ್ಡವಳು ನಕ್ಕು, ತಟ್ಟೆಯನ್ನು ಬೆಳಕಿಗೆ ಹಿಡಿದು ಕಲೆ ಹೋಗಿದೆಯೇ ಎಂದು ನೋಡಿದಳು. "ಬಾ, ಊಟ ಮಾಡು. ಎಷ್ಟು ಸೊರಗಿದ್ದೀಯ."

ಮಗು ಏಳನೇ ತಿಂಗಳಿಗೇ ಉಸಿರಿಲ್ಲದೆ ಹುಟ್ಟಿತ್ತು. ಆಸ್ಪತ್ರೆಯಲ್ಲಿ ಅದನ್ನು ನೋಡಿದವರು ಚಿಕ್ಕವಳ ಅಮ್ಮ ಮತ್ತು ಗಂಡ, ಇಬ್ಬರೇ. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಮಾತೆತ್ತದಿರುವುದೇ ಸಮಾಧಾನ ಹೇಳಿದಂತೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮನೆಯವರೆಲ್ಲ ಬಚ್ಚಲಿನಿಂದ ಬಂದು ಆ ಹಳದಿಯ ಮೇಲೆ ಕಾಲೊರೆಸಿಕೊಂಡು ಹೋಗುತ್ತಿದ್ದರು. ಅವಳ ಗಂಡನೂ ಒರೆಸಿಕೊಂಡ. ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳೊಬ್ಬಳು ಪ್ರತಿ ಸಲ ಅದನ್ನು ದಾಟಿ ಕಾಲಿಟ್ಟಳು. ದಾಟುವಾಗೆಲ್ಲ ಎದೆಯೊಳಗೆ ಏನೋ ಗಟ್ಟಿಯಾಗುತ್ತ ಹೋಯಿತು. ಅಳು ಬರುತ್ತದೆ ಎಂದು ಮೊದಮೊದಲು ಕಾದಳು. ಬಂದದ್ದು ಅಳುವಲ್ಲ.

ದೊಡ್ಡವಳಿಗೆ ಕೊಕ್ಕೆಸೂಜಿಯ ಹೆಣಿಗೆ ಕ್ರೋಶಾದಲ್ಲಿ ಆ ಬಡಾವಣೆಯಲ್ಲೆಲ್ಲ ದೊಡ್ಡ ಹೆಸರು. ಮಧ್ಯಾಹ್ನ ಮನೆಯ ಮುಂಕೋಣೆಯಲ್ಲಿ ಹೆಂಗಸರಿಗೆ ಕಲಿಸುತ್ತಿದ್ದಳು. ಟೀವಿಗೊಂದು, ಫ್ರಿಜ್ಜಿಗೊಂದು, ಕುರ್ಚಿಯ ಬೆನ್ನಿಗೊಂದು ಎಂದು ಮನೆಯ ಪ್ರತಿ ವಸ್ತುವಿಗೂ ಅಂಗಿ ತೊಡಿಸಿದ್ದಳು. ಸುಮ್ಮನೆ ಕೂತರೆ ನಮಗೂ ಒಂದು ಹಾಕಿಬಿಡುತ್ತಾಳೆ ಎಂದು ಚಿಕ್ಕವಳ ಗಂಡ ತಮಾಷೆ ಮಾಡುತ್ತಿದ್ದ. ಆ ವರ್ಷ ಅವಳು ಒಂದು ದೊಡ್ಡ ಕೆಲಸ ಕೈಗೆತ್ತಿಕೊಂಡಿದ್ದಳು. ಬಿಳಿ ದಾರದ, ದುಂಡನೆಯ, ಹಾಸಿದರೆ ಮಂಚ ಮುಚ್ಚುವಷ್ಟು ಅಗಲದ ಹೊದಿಕೆ. ಮಹಿಳಾ ಸಂಘದ ಹೊಸ ಸಭಾಂಗಣದ ಗೋಡೆಗೆ ಅದನ್ನು ತೂಗುಹಾಕುವುದು, ಅದರ ಕೆಳಗಿನ ಕುರ್ಚಿಯಲ್ಲಿ ದೊಡ್ಡವಳು ಅಧ್ಯಕ್ಷೆಯಾಗಿ ಕೂರುವುದು ಎಂದು ತೀರ್ಮಾನವಾಗಿತ್ತು.

ಚಿಕ್ಕವಳಿಗೆ ಮೊದಲು ಹೊಳೆದದ್ದು ಕತ್ತರಿ. ಆಮೇಲೆ ಯೋಚಿಸಿದಳು: ಕತ್ತರಿಸಿದರೆ ಎಲ್ಲರೂ ದೊಡ್ಡವಳ ಪರವಾಗಿ ಅಯ್ಯೋ ಅನ್ನುತ್ತಾರೆ. ಅವಳು ಹರಿದದ್ದನ್ನು ಕೂಡಿಸಿ ಇನ್ನಷ್ಟು ಹೆಸರು ಮಾಡುತ್ತಾಳೆ. ಕತ್ತರಿಸಿದ ಬಟ್ಟೆಯಾದರೂ ಬಟ್ಟೆಯೇ. ತನ್ನದು ಬಟ್ಟೆಯಾಗಿಯೂ ಉಳಿದಿರಲಿಲ್ಲ. ಹಾಕಲೇ ಇಲ್ಲವೇನೋ ಎಂಬಂತೆ ಬರೀ ಎಳೆಯಾಗಿತ್ತು. ಆ ಬಿಳಿ ಹೊದಿಕೆಯೂ ಹಾಗೇ ಆಗಬೇಕು.

ಒಂದು ದಿನ ಯಾರೂ ಇಲ್ಲದಾಗ ಟೀವಿಯ ಮೇಲಿನ ಕವರನ್ನು ತೆಗೆದು ಮೂಲೆ ಹಿಡಿದು ಎಳೆದು ನೋಡಿದಳು. ಬಟ್ಟೆ ಸೊಟ್ಟಗಾಯಿತೇ ಹೊರತು ಒಂದು ಎಳೆಯೂ ಹೊರಬರಲಿಲ್ಲ. ಹಿಂದೆ ದೊಡ್ಡವಳು ಬಂದು ನಿಂತದ್ದು ತಿಳಿಯಲಿಲ್ಲ.

"ಏನೇ ಅದು, ಇಲಿ ಥರ ಜಗ್ಗಾಡ್ತಿದ್ದೀಯ? ಕೊನೆ ಎಲ್ಲಿದೆ ಅಂತ ನೋಡ್ತಿದ್ದೀಯಾ? ಸಿಗಲ್ಲ ಬಿಡು. ನಾನು ಹಾಕಿದ್ದು ನಾನೇ ಹುಡುಕಬೇಕು."

ಚಿಕ್ಕವಳು ಕವರನ್ನು ಮೆಲ್ಲಗೆ ಟೀವಿಯ ಮೇಲೆ ಹಾಸಿ ನೆರಿಗೆ ಸರಿಮಾಡಿದಳು. "ನನಗೂ ಕಲಿಸಿ ಅಕ್ಕಾ. ಮೊದಲಿಂದ."

ದೊಡ್ಡವಳಿಗೆ ಖುಷಿಯೋ ಖುಷಿ.

ಚಿಕ್ಕವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಕ್ಲಿನಿಕ್ ಬೆಳಗ್ಗೆ ಮತ್ತು ಸಂಜೆ ಮಾತ್ರ; ಮಧ್ಯಾಹ್ನವೆಲ್ಲ ಬಿಡುವು. ಮುಂಕೋಣೆಯ ಚಾಪೆಯ ಮೇಲೆ ಇತರ ಹೆಂಗಸರ ಜೊತೆ ಕೂತಳು. ಅಲ್ಲಿ ಒಬ್ಬಾಕೆಯನ್ನು ಎಲ್ಲರೂ ಗಂಟಕ್ಕ ಎಂದೇ ಕರೆಯುತ್ತಿದ್ದರು, ಅವಳು ಮುಟ್ಟಿದ ದಾರವೆಲ್ಲ ಗಂಟಾಗುತ್ತಿತ್ತು. ಇನ್ನೊಬ್ಬಳು ಬಸ್ಸಿನ ಕಂಡಕ್ಟರಾಗಿದ್ದವಳು. ಸಾಲು ಮುಗಿದಾಗಲೆಲ್ಲ "ಹೋಲ್ಡಾನ್! ಸ್ಟಾಪ್ ಬಂತು!" ಎಂದು ಕೂಗಿ, ಬಟ್ಟೆ ತಿರುಗಿಸಿಕೊಂಡು "ರೈಟ್ ರೈಟ್" ಎನ್ನುತ್ತಿದ್ದಳು. ಎಲ್ಲರೂ ನಗುವಾಗ ಚಿಕ್ಕವಳೂ ನಗುತ್ತಿದ್ದಳು. ಕಣ್ಣು ಮಾತ್ರ ದೊಡ್ಡವಳ ಬೆರಳ ಮೇಲಿರುತ್ತಿತ್ತು.

ಮೊದಲು ಸರಪಳಿ. ದಾರದ ಕುಣಿಕೆ ಮಾಡಿ, ಕೊಕ್ಕೆಯ ಸೂಜಿಯಿಂದ ಇನ್ನೊಂದು ಕುಣಿಕೆಯನ್ನು ಅದರೊಳಗಿಂದ ಎಳೆಯುವುದು, ಅದರೊಳಗಿಂದ ಮತ್ತೊಂದು. "ಕುತ್ತಿಗೆ ಹಿಸುಕಬೇಡ, ಉಸಿರಾಡೋಕೆ ಬಿಡು ಅದಕ್ಕೆ" ಎನ್ನುತ್ತಿದ್ದಳು ದೊಡ್ಡವಳು. ಆಮೇಲೆ ಗಿಡ್ಡ ಹೊಲಿಗೆ. ಸೂಜಿಗೆ ದಾರ ಒಂದು ಸುತ್ತು ಸುತ್ತಿಕೊಂಡು ಹಾಕುವ ಕಂಬ. ಎರಡು ಸುತ್ತು ಸುತ್ತಿಕೊಂಡರೆ ಉದ್ದ ಕಂಬ. ನೇರ ಸಾಲು ಬಂದ ಮೇಲೆ ದುಂಡಗೆ ಹಾಕುವುದು; ಪ್ರತಿ ಸುತ್ತಿಗೂ ಹೊಲಿಗೆ ಹೆಚ್ಚಿಸದಿದ್ದರೆ ತಟ್ಟೆಯಾಗಬೇಕಾದದ್ದು ಟೋಪಿಯಾಗುತ್ತದೆ, ಹೆಚ್ಚಿಸಿದ್ದು ಜಾಸ್ತಿಯಾದರೆ ಅಂಚು ಕೋಸಿನೆಲೆಯಂತೆ ಸುಕ್ಕುಗಟ್ಟುತ್ತದೆ. ಚಿಕ್ಕವಳ ಮೊದಲ ತಟ್ಟೆ ಟೋಪಿಯಾಯಿತು. ಅದು ಎಷ್ಟು ಸಣ್ಣ ತಲೆಗೆ ಸರಿಹೋಗುತ್ತದೆ ಎಂದು ಅವಳಿಗೆ ತಿಳಿಯಿತು. ಬಿಚ್ಚಿದಳು.

ಹಾಕಿದ್ದನ್ನೆಲ್ಲ ಅವಳು ಬಿಚ್ಚುತ್ತಿದ್ದಳು. ಒಂದೊಂದು ಹೊಲಿಗೆ ಬಿಚ್ಚಿಕೊಳ್ಳುವಾಗಲೂ ಎಳೆ ಯಾವ ದಿಕ್ಕಿನಿಂದ ಬರುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಸಲೀಸಾಗಿ ಜಾರುತ್ತದೆ ಎಂದು ನೋಡುತ್ತಿದ್ದಳು.

"ನೋಡ್ರೇ, ಕಲಿಯೋದು ಅಂದ್ರೆ ಹೀಗೆ!" ದೊಡ್ಡವಳು ಉಳಿದವರಿಗೆ ತೋರಿಸುತ್ತಿದ್ದಳು. "ಒಂದು ಹೊಲಿಗೆ ತಪ್ಪಿದ್ರೂ ಪೂರ್ತಿ ಬಿಚ್ಚಿ ಹಾಕ್ತಾಳೆ. ನನ್ನ ಓರಗಿತ್ತಿ ಅಂದ್ರೆ ಸುಮ್ನೇನಾ?"

ಆ ಮೆಚ್ಚುಗೆ ಕೇಳಿ ಚಿಕ್ಕವಳ ಮೈ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಉರಿದದ್ದು, ಕೆಲಸ ಅವಳಿಗೆ ಹಿಡಿಸತೊಡಗಿದ್ದಕ್ಕೆ. ಚಿಪ್ಪಿನ ಹೊಲಿಗೆ ಕೈಗೆ ಹತ್ತಿದ ದಿನ ಕ್ಲಿನಿಕ್ಕಿನಲ್ಲಿ ಇಕ್ಕಳ ತೊಳೆಯುತ್ತ ಗುನುಗುತ್ತಿದ್ದಳಂತೆ. ಡಾಕ್ಟರೇ ಕೇಳಿದರು, ಏನಮ್ಮಾ ವಿಶೇಷ ಎಂದು. ತಕ್ಷಣ ಬಾಯಿ ಮುಚ್ಚಿದಳು. ಮನೆಗೆ ಬಂದು ಬಚ್ಚಲ ಬಾಗಿಲ ಬಳಿ ಬೇಕೆಂದೇ ಒಂದಷ್ಟು ಹೊತ್ತು ನಿಂತಳು. ಹಳದಿ ಆಗಲೇ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೆಲವೇ ವಾರದಲ್ಲಿ ದೊಡ್ಡವಳು ಆ ಕಾಲೊರಸು ಹಳತಾಯಿತೆಂದು ಕಸಕ್ಕೆ ಹಾಕಿದಳು. ಅದನ್ನು ಕೇಳಿ ಚಿಕ್ಕವಳು ಇನ್ನೂ ಹಟದಿಂದ ಕಲಿತಳು.

ಗಂಟಕ್ಕ ಇನ್ನೂ ಸರಪಳಿಯಲ್ಲೇ ಸಿಕ್ಕಿಕೊಂಡಿದ್ದಾಗ ಚಿಕ್ಕವಳು ಕಷ್ಟದ ಹೊಲಿಗೆಗಳಿಗೆ ಬಂದಿದ್ದಳು. ಒಂದೇ ಕಣ್ಣಿನಲ್ಲಿ ಹಲವು ಕಂಬ ಹಾಕಿ ಒಟ್ಟಿಗೆ ಬಿಗಿದು ಉಬ್ಬಿಸುವ ಮೊಗ್ಗು. ಹಿಂದಿನ ಸಾಲಿನ ಕಂಬವನ್ನೇ ತಬ್ಬಿಕೊಂಡು ಎದ್ದು ನಿಲ್ಲುವ ಕಂಬ. ಅಗಲವಾಗಿ ಶುರುವಾಗಿ ಸುತ್ತು ಸುತ್ತಿಗೂ ಕಿರಿದಾಗುತ್ತ ಹೋಗುವ ಅನಾನಸ್ ಚಿತ್ತಾರ. ಬಿಳಿ ಹೊದಿಕೆಯಲ್ಲಿ ಇವೆಲ್ಲವೂ ಇದ್ದವು. ಒಂದು ದಿನ ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೇಳಿದಳು, "ಒಂದು ಉಂಡೆ ಮುಗಿದು ಇನ್ನೊಂದು ಉಂಡೆ ಸೇರಿಸ್ತೀರಲ್ಲ ಅಕ್ಕಾ, ಆ ಜಾಗ ಕಾಣೋದೇ ಇಲ್ವಲ್ಲ?"

ದೊಡ್ಡವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ. ಮೊಗ್ಗಿದೆಯಲ್ಲ, ಅದರ ಬೆನ್ನಲ್ಲಿ ಸೇರಿಸೋದು. ದಪ್ಪಗಿರುತ್ತೆ, ತುದಿ ಅಲ್ಲೇ ಅಡಗಿ ಹೋಗುತ್ತೆ. ಈ ಇವರಿಗೆಲ್ಲ ಹೇಳಿಲ್ಲ. ನೀನು ಮನೆಯವಳು."

ಕೊನೆಯ ಸುತ್ತು ಬಂದಾಗ ದೊಡ್ಡವಳ ಮಣಿಕಟ್ಟು ಊದಿತ್ತು. "ಅಂಚೊಂದು ನೀನೇ ಹಾಕಿಬಿಡು" ಎಂದು ಸೂಜಿ ಚಾಚಿದಳು. ಚಿಕ್ಕವಳಿಗೆ ಅದೆಷ್ಟು ಸುಲಭವಾಗುತ್ತಿತ್ತು! ಕೊನೆಯ ಕುಣಿಕೆಯನ್ನು ಬಿಗಿಯದೆ ಬಿಟ್ಟರೆ ಸಾಕಿತ್ತು, ಸಭಾಂಗಣದ ಗೋಡೆಯ ಮೇಲೇ ಅದು ಉದುರುತ್ತಿತ್ತು. ಆದರೆ ಆಗ ತಪ್ಪು ಶಿಷ್ಯೆಯದಾಗುತ್ತದೆ. ಬಿಚ್ಚಬೇಕಾದದ್ದು ದೊಡ್ಡವಳ ಕೈಯ ಹೊಲಿಗೆ, ದೊಡ್ಡವಳ ಕೈಯ ಗಂಟು.

"ಕೊನೇದು ನೀವೇ ಹಾಕಿ ಅಕ್ಕಾ. ನಾನು ನೋಡಿ ಕಲೀತೀನಿ."

ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಟ್ಟಳು, ಮುಲಾಮು ತಿಕ್ಕಿದಳು. ದೊಡ್ಡವಳು ನೋವು ನುಂಗಿಕೊಂಡು ಎಡದಿಂದ ಬಲಕ್ಕೆ, ಹಿಂದುಹಿಂದಕ್ಕೆ ಹೋಗುವ ಏಡಿ ಹೊಲಿಗೆಯಿಂದ ಅಂಚು ಮುಗಿಸಿದಳು. ಬಾಲ ಉಳಿದ ದಾರವನ್ನು ಅತ್ತ ಒಮ್ಮೆ, ಇತ್ತ ಒಮ್ಮೆ, ಮತ್ತೆ ಅಡ್ಡಕ್ಕೆ ಪೋಣಿಸಿ ಹೂತಳು. ಚಿಕ್ಕವಳು ಪಕ್ಕದಲ್ಲಿ ಕೂತು ಪ್ರತಿ ಚುಚ್ಚನ್ನೂ ನೋಡಿದಳು.

ಉದ್ಘಾಟನೆಯ ಸಮಾರಂಭದ ಹಿಂದಿನ ದಿನ ದೊಡ್ಡವಳು ಬೆಳಗ್ಗೆಯೇ ಕುರ್ಚಿ ಹಾಕಿಸಲು, ಮೈಕು ನೋಡಲು ಸಭಾಂಗಣಕ್ಕೆ ಹೋದಳು. ಗಂಡಸರು ಅಂಗಡಿಗೆ ಹೋದರು. ಚಿಕ್ಕವಳು ರಜೆ ಹಾಕಿದ್ದಳು. ಮುಂಕೋಣೆಯ ಕಿಟಕಿಗಳನ್ನೆಲ್ಲ ತೆರೆದು, ಬೆಳಕಿಗೆ ಕೂತು, ಕ್ಲಿನಿಕ್ಕಿನ ಸಣ್ಣ ಚಿಮುಟದಿಂದ ಅಂಚಿನೊಳಗೆ ಹೂತ ತುದಿಯನ್ನು ಮೀಟಿದಳು. ಅಡ್ಡಕ್ಕೆ, ಇತ್ತ, ಅತ್ತ. ಕೊನೆಯ ಗಂಟು ಸಡಿಲವಾಯಿತು. ಎಳೆದಳು.

ಬಂತು.

ಅಂಚು ಹೋಯಿತು. ಅನಾನಸ್‌ಗಳು ತುದಿಯಿಂದ ಬುಡದ ಕಡೆಗೆ ಕರಗಿದವು. ಮೊಗ್ಗುಗಳು ಒಂದೊಂದಾಗಿ ಟಪ್ ಟಪ್ ಎಂದು ಬಿಟ್ಟುಕೊಂಡವು. ಉಂಡೆ ಸೇರಿಸಿದ ಕಡೆಯೆಲ್ಲ ಎಳೆ ನಿಂತಿತು, ಅವಳು ಮೊಗ್ಗಿನ ಬೆನ್ನಿಗೆ ಚಿಮುಟ ಹಾಕಿ ಬಿಡಿಸಿ ಮುಂದುವರಿದಳು. ಎಳೆದ ದಾರವನ್ನು ಉಂಡೆ ಕಟ್ಟುತ್ತ ಹೋದಳು. ಸುಕ್ಕುಸುಕ್ಕಾದ ದಾರ ಬೆರಳ ನಡುವೆ ಉಜ್ಜಿ ಉಜ್ಜಿ ಚರ್ಮ ಕೆಂಪಾಯಿತು. ಊಟ ಮಾಡಲಿಲ್ಲ. ಇಷ್ಟು ದಿನ ಎದೆಯಲ್ಲಿ ಗಟ್ಟಿಯಾಗಿ ಕೂತದ್ದು ಬೆರಳಿಗಿಳಿದು ಕೆಲಸ ಮಾಡಿತು. ಸಂಜೆಯ ಹೊತ್ತಿಗೆ ನಡುವಿನ ಸರಪಳಿಯ ಸಣ್ಣ ಉಂಗುರವೊಂದೇ ಉಳಿದಿತ್ತು. ಅದನ್ನೂ ಎಳೆದಳು. ಬೆರಳಲ್ಲಿ ಬರೀ ದಾರ.

ದೊಡ್ಡವಳು ಚಪ್ಪಲಿ ಕಳಚುತ್ತಲೇ ಒಳಗೆ ಕೂಗಿದಳು, "ಮೈಕು ಕೀಂಯ್ ಅಂತಿದೆ ಕಣೆ..." ಆಮೇಲೆ ಚಾಪೆಯ ಮೇಲೆ ಸಾಲಾಗಿಟ್ಟ ಬಿಳಿ ಉಂಡೆಗಳನ್ನು ನೋಡಿದಳು. ಹೊದಿಕೆ ಇಟ್ಟಿದ್ದ ಪೆಟ್ಟಿಗೆಯನ್ನು ನೋಡಿದಳು. ಮತ್ತೆ ಉಂಡೆಗಳನ್ನು.

"ಏನಿದು?"

"ನಿಮ್ಮ ಹೊದಿಕೆ."

ದೊಡ್ಡವಳು ಚಾಪೆಯ ಮೇಲೆ ಕೂತಳು. ಒಂದು ಉಂಡೆಯನ್ನೆತ್ತಿ ಮೂಗಿನ ಬಳಿ ತಂದಳು, ಅದು ತನ್ನದು ಹೌದೋ ಅಲ್ಲವೋ ಎಂದು ಗುರುತು ಹಿಡಿಯುವವಳಂತೆ. "ಯಾಕೆ? ನಾನೇನೇ ಮಾಡಿದ್ದೆ ನಿನಗೆ?"

"ಹಳದಿ ಉಲ್ಲನ್."

"ಯಾವ ಹಳದಿ ಉಲ್ಲನ್?"

ಚಿಕ್ಕವಳು ಎಲ್ಲಕ್ಕೂ ತಯಾರಾಗಿದ್ದಳು, ಈ ಪ್ರಶ್ನೆಯೊಂದಕ್ಕೆ ಬಿಟ್ಟು. ದೊಡ್ಡವಳು ನಾಟಕ ಮಾಡುತ್ತಿರಲಿಲ್ಲ. ನಿಜಕ್ಕೂ ಮರೆತಿದ್ದಳು.

"ನನ್ನ ಮಗುವಿಗೆ ಹಾಕ್ತಿದ್ದದ್ದು. ನಾನು ತವರಲ್ಲಿ ರಕ್ತ ಸೋರ್ತಾ ಮಲಗಿದ್ದಾಗ ನೀವು ಅದನ್ನ ಬಿಚ್ಚಿ ಕಾಲೊರಸು ಮಾಡಿದ್ರಿ. ಎಲ್ಲರೂ ಅದರ ಮೇಲೆ ಕಾಲು ಒರೆಸಿದ್ರು. ಆಮೇಲೆ ಹಳೇದಾಯ್ತು ಅಂತ ಕಸಕ್ಕೆ ಹಾಕಿದ್ರಿ." ಮಗು ಎಂಬ ಮಾತನ್ನು ಆ ಮನೆಯಲ್ಲಿ ಜೋರಾಗಿ ಆಡಿದ್ದು ಅದೇ ಮೊದಲು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

ದೊಡ್ಡವಳು ಕೈಯ ಉಂಡೆಯನ್ನು ಚಾಪೆಯ ಮೇಲಿಟ್ಟಳು. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ..."

"ಹೇಳಿದ್ರೆ ನೀವು ಸಾರಿ ಅಂತಿದ್ರಿ. ನನಗೆ ಅದು ಬೇಡವಾಗಿತ್ತು."

ಮರುದಿನ ಸಭಾಂಗಣದ ಗೋಡೆ ಬೋಳಾಗಿತ್ತು. ಪೈಪು ಒಡೆದು ಹೊದಿಕೆಗೆ ತುಕ್ಕುನೀರು ಬಿತ್ತು ಎಂದು ದೊಡ್ಡವಳು ಸಂಘದವರಿಗೆ ಹೇಳಿದಳಂತೆ. ನಿಜ ಹೇಳಲು ಹೊರಟರೆ ಪೂರ್ತಿ ಹೇಳಬೇಕಾಗುತ್ತಿತ್ತು, ಅದಕ್ಕೇ ಇರಬೇಕು. ಗೋಡೆಯ ಕೆಳಗೆ ಕೂತಳು, ಹಾರ ಹಾಕಿಸಿಕೊಂಡಳು, ಭಾಷಣದ ನಡುವೆ ಎರಡು ಸಲ ತಪ್ಪಿದಳು. ಗಂಟಕ್ಕ ಇದನ್ನೆಲ್ಲ ಬಂದು ವರದಿ ಮಾಡಿದಾಗ ಚಿಕ್ಕವಳು ಕಿವಿ ತುಂಬಾ ಕೇಳಿಸಿಕೊಂಡಳು.

ತಿಂಗಳೊಳಗೆ ಚಿಕ್ಕವಳ ಸಂಸಾರ ಬೇರೆ ಮನೆಗೆ ಹೋಯಿತು. ಸಾಮಾನು ಇಳಿಸಿದ ದಿನ ಗಂಡ ಕೇಳಿದ, "ಈಗ ಸಮಾಧಾನ ಆಯ್ತಾ?"

"ಹೂಂ" ಎಂದಳು. ಸುಳ್ಳಲ್ಲ. ಹೊದಿಕೆ ಬಿಚ್ಚಿದ ದಿನದಿಂದ ಅವಳಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಅವನು ಇನ್ನೊಂದು ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ.

ಮುಂದಿನ ಚಳಿಗಾಲದಲ್ಲಿ ಕ್ಲಿನಿಕ್ಕಿಗೆ ಕೆನ್ನೆ ಊದಿಸಿಕೊಂಡು ದೊಡ್ಡವಳು ಬಂದಳು. ಬೇರೆ ಡಾಕ್ಟರ ಬಳಿ ಹೋಗಿ ನೋಡಿ, ನೋವು ತಡೆಯಲಾರದೆ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಚಿಕ್ಕವಳು ಉಳಿದ ರೋಗಿಗಳಿಗೆ ಮಾಡುವಂತೆಯೇ ಎದೆಗೆ ಬಟ್ಟೆ ಕಟ್ಟಿದಳು, ದೀಪ ತಿರುಗಿಸಿದಳು, ತಟ್ಟೆ ಹಿಡಿದು ನಿಂತಳು. ಹಲ್ಲು ಬೇರುಬಿಟ್ಟು ಕೂತಿತ್ತು. ಡಾಕ್ಟರು ಜಗ್ಗುವಾಗ ದೊಡ್ಡವಳ ಕೈ ತಡಕಾಡಿ ಚಿಕ್ಕವಳ ಮಣಿಕಟ್ಟನ್ನು ಹಿಡಿದುಕೊಂಡಿತು. ಚಿಕ್ಕವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಡಾಕ್ಟರು ಕೈ ತೊಳೆಯಲು ಆಚೆ ಹೋದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ದೊಡ್ಡವಳು ಏನೋ ಅಂದಳು. ಅರ್ಥವಾಗಲಿಲ್ಲ. ಹತ್ತಿಯನ್ನು ಬೆರಳಿಂದ ಒತ್ತಿಹಿಡಿದು ಮತ್ತೆ ಅಂದಳು, "ಆ ಮಗು, ಹೆಣ್ಣಾ? ಗಂಡಾ?"

ಚಿಕ್ಕವಳ ಕೈಯಲ್ಲಿ ಉಪಕರಣಗಳ ತಟ್ಟೆಯಿತ್ತು. ಅದನ್ನು ಮೇಜಿನ ಮೇಲಿಟ್ಟಳು.

"ಹೆಣ್ಣು."

ದೊಡ್ಡವಳು ತಲೆಯಾಡಿಸಿದಳು. ಕಣ್ಣಿನಿಂದ ನೀರು ಇಳಿದು ಊದಿದ ಕೆನ್ನೆಯ ಮೇಲೆ ಬಳಸಿಕೊಂಡು ಹೋಯಿತು. ಅರಿವಳಿಕೆಯಿಂದಾಗಿ ಅದು ಅವಳಿಗೆ ತಿಳಿದಂತಿರಲಿಲ್ಲ. ಚಿಕ್ಕವಳು ಒರೆಸಲಿಲ್ಲ. ಎದೆಯ ಬಟ್ಟೆ ಬಿಚ್ಚುತ್ತ, ಎಲ್ಲರಿಗೂ ಹೇಳುವ ದನಿಯಲ್ಲೇ ಹೇಳಿದಳು, "ಬಿಸಿ ಏನೂ ಕುಡೀಬೇಡಿ. ಹತ್ತಿ ಸ್ವಲ್ಪ ಹೊತ್ತು ಬಿಟ್ಟು ತೆಗೀರಿ."

ದೊಡ್ಡವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು. ಚಿಕ್ಕವಳು ಕುರ್ಚಿಯನ್ನು ಒರೆಸಿ, ಬಾಗಿಲು ತೆರೆದು ಮುಂದಿನವರನ್ನು ಕರೆದಳು.