ಗಾರೆ ಮೇಸ್ತ್ರಿ ಮಗಳ ಕೆನ್ನೆ

ಗಾರೆ ಮೇಸ್ತ್ರಿ ಗಡ್ಡ ಬೋಳಿಸಿಕೊಳ್ಳಲು ಕೂತರೆ ಕನ್ನಡಿಗೆ ಮತ್ತೆ ಟವೆಲ್ ಹೊದಿಸಿತ್ತು. ಮಗಳದೇ ಕೆಲಸ. ಅವಳನ್ನು ಮನೆಯವರು ಕರೆಯುವುದೇ ಗಿಳಿ ಅಂತ. ಒಮ್ಮೆ ಕೇಳಿದ ದನಿ ಅವಳ ಗಂಟಲಲ್ಲಿ ಬಂದು ಕೂತುಬಿಡುತ್ತಿತ್ತು. ಬೊಂಬೆಯಾಟದ ತಂಡದಲ್ಲಿ ರಾಜ, ರಾಕ್ಷಸ, ಕತ್ತೆ ಎಲ್ಲರಿಗೂ ಪರದೆಯ ಹಿಂದಿನಿಂದ ಅವಳದೇ ದನಿ. ಈಗ ಹೊಸ ಆಟಕ್ಕೆ ಪರದೆಯ ಮುಂದೆ ಬಾ ಅಂದಿದ್ದರು. ಅವಳು ಹೂಂ ಅಂದಿರಲಿಲ್ಲ. ಹಳೆಯ ಮೊಡವೆಗಳು ಕೆನ್ನೆ ತುಂಬ ಕುಳಿ ತೋಡಿ ಹೋಗಿದ್ದವು. ಹೊಸವೂ ಏಳುತ್ತಿದ್ದವು.

ಮೇಸ್ತ್ರಿಯ ತಂಗಿ ಚರ್ಮದ ಡಾಕ್ಟರ ಹತ್ತಿರ ನರ್ಸು. ಅವತ್ತು ಮನೆಗೆ ಬಂದವಳು, "ಅಣ್ಣ, ಗಿಳಿಯ ಕೆನ್ನೆಗೆ ಲೇಸರ್ ಮಾಡಿಸೋಣ" ಅಂದಳು.

"ಲೇಸೋ ಲಾಸೋ, ಮೊದಲು ಅದನ್ನ ಹೇಳು."

ಒಳಗಿನಿಂದ ಥೇಟ್ ಅವನದೇ ದನಿ ಕೇಳಿಸಿತು: "ನಮ್ಮ ಕಾಲದಲ್ಲಿ ಮೊಡವೆಗೆ ಯಾರು ಡಾಕ್ಟರ ಹತ್ರ ಹೋಗ್ತಿದ್ರು?"

ಮೇಸ್ತ್ರಿ ತೆರೆದ ಬಾಯಿ ಮುಚ್ಚಿದ. ಹೇಳಲು ಹೊರಟಿದ್ದು ಅದನ್ನೇ.

ಗಿಳಿ ಕುಣಿಯುತ್ತಾ ಬಂದಳು. "ಅತ್ತೆ, ಪಾರ್ಲರ್‌ನಲ್ಲಿ ಒಂದೇ ಸಲಕ್ಕೆ ನುಣ್ಣಗೆ ಮಾಡ್ತಾರಂತೆ. ನಾಳೆನೇ ಹೋಗ್ತೀನಿ."

ಅತ್ತೆ ಗದರಿದಳು: "ಹೋಗು. ಹೊಸ ಆಟದಲ್ಲಿ ರಾಕ್ಷಸನಿಗೆ ಮುಖವಾಡದ ಖರ್ಚು ಉಳಿಯುತ್ತೆ. ನಮ್ಮ ಬಣ್ಣದವರಿಗೆ ಶಾಖ ಹೆಚ್ಚಾದ್ರೆ ಕಪ್ಪು ಕಲೆ ಬೀಳುತ್ತೆ ಕಣೇ. ಚರ್ಮದ ಡಾಕ್ಟರೇ ನೋಡ್ಬೇಕು. ಮೊದಲು ಹೊಸ ಮೊಡವೆ ತಹಬಂದಿಗೆ ಬರಲಿ, ಕುಳಿ ಕೆಲಸ ಆಮೇಲೆ."

ಮೇಸ್ತ್ರಿಯ ಬ್ರಷ್ ನೊರೆಯಲ್ಲೇ ನಿಂತಿತು. "ಅದು ಸರಿ. ಸೋರೋ ಗೋಡೆಗೆ ಗಾರೆ ಹಾಕಿದ್ರೆ ಉದುರುತ್ತೆ. ಲೇಸರ್ ಏನು ಮಾಡುತ್ತೆ?"

"ಬೆಳಕಿನ ಶಾಖದಿಂದ ಚರ್ಮಕ್ಕೆ ಸಣ್ಣ ಸಣ್ಣ ಚುಚ್ಚು. ವಾಸಿಯಾಗುವಾಗ ಚರ್ಮ ಒಳಗಿಂದ ತಾನೇ ತುಂಬ್ಕೊಳ್ಳುತ್ತೆ."

"ಗಾರೆ ಕಚ್ಚಲಿ ಅಂತ ನಾವೂ ಗೋಡೆಗೆ ಕಚ್ಚು ಹೊಡೀತೀವಲ್ಲ!" ಅವನು ಎದ್ದೇ ನಿಂತ. "ಒಂದೇ ಕೋಟಿಂಗಾ?"

"ಬಿಡುವು ಕೊಟ್ಟು ಕೊಟ್ಟು ಕೆಲವು ಸಲ."

"ಕ್ಯೂರಿಂಗ್? ಗಾರೆಗಾದ್ರೆ ದಿನಾ ನೀರು ಹಾಕಿ ಕಾಯ್ತೀವಿ."

"ಕೆಲವು ದಿನ ಮುಖ ಕೆಂಪಗೆ ಊದಿರುತ್ತೆ. ಬಿಸಿಲು ತಾಗಬಾರದು, ಉಗುರು ತಾಗಬಾರದು, ಹೇಳಿದ ಸನ್‌ಸ್ಕ್ರೀನ್ ತಪ್ಪಬಾರದು."

"ಕುಳಿ ಪೂರ್ತಿ ಹೋಗುತ್ತಾ?" ಇದು ಗಿಳಿಯದೇ ದನಿ, ಸಣ್ಣಗೆ.

"ಕಡಿಮೆ ಆಗುತ್ತೆ ಪುಟ್ಟಿ. ಪೂರ್ತಿ ಮಾಯ ಅಂತ ಯಾರಾದ್ರೂ ಅಂದ್ರೆ ಅಲ್ಲಿಂದ ಎದ್ದು ಬಾ."

ಮೇಸ್ತ್ರಿ ಅರ್ಧ ಗಡ್ಡದಲ್ಲೇ ಚಪ್ಪಲಿ ಹುಡುಕತೊಡಗಿದ. "ನಡೀರಿ ಡಾಕ್ಟರ ಹತ್ರ."

"ಮುಖ ತೊಳ್ಕೋ ಅಪ್ಪ. ನಿನ್ನನ್ನೇ ಪೇಷಂಟ್ ಅಂದ್ಕೋತಾರೆ."

ಮೊಡವೆ ಆರಿ, ಲೇಸರ್ ಮುಗಿಯಲು ತಿಂಗಳುಗಳು ಹಿಡಿದವು. ಹೊಸ ಆಟದ ದಿನ ಗಿಳಿ ಕೂದಲು ಹಿಂದಕ್ಕೆ ಕಟ್ಟಿ ಪರದೆಯ ಮುಂದೆ ಬಂದಳು. ದೀಪದ ಬೆಳಕು ಕೆನ್ನೆಗೆ ಬಿತ್ತು. ಮೇಸ್ತ್ರಿ ಗೋಡೆ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. ಅಲ್ಲಲ್ಲಿ ತೆಳ್ಳನೆಯ ಗುರುತು ಇನ್ನೂ ಇತ್ತು. ಗಿಳಿ ಸೊಂಟಕ್ಕೆ ಕೈ ಕೊಟ್ಟು ಅಪ್ಪನ ದನಿಯಲ್ಲಿ ಶುರುಮಾಡಿದಳು: "ನಮ್ಮ ಕಾಲದಲ್ಲಿ ಮೊಡವೆಗೆ ಯಾರು ಡಾಕ್ಟರ ಹತ್ರ ಹೋಗ್ತಿದ್ರು?" ಎಲ್ಲರಿಗಿಂತ ಜೋರಾಗಿ ನಕ್ಕವನು ಮೇಸ್ತ್ರಿ.

ಮರುದಿನ ಅವನಿಗೆ ಕನ್ನಡಿಯ ಮುಂದೆ ಜಾಗವೇ ಸಿಗಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಕನ್ನಡಿಗೆ ಟವೆಲ್ ಹೊದಿಸುತ್ತಿದ್ದಾರಾ? ಅವರನ್ನು ಆಡಿಕೊಳ್ಳಬೇಡಿ. ಮೊಡವೆ ಹಿಸುಕಲು ಬಿಡಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ, ನುಂಗುತ್ತಿರುವ ಮಾತ್ರೆಗಳ ವಿಷಯವನ್ನೂ ಹೇಳಿ. ಲೇಸರ್ ಹೊಂದುತ್ತದೋ, ಬೇರೆ ಚಿಕಿತ್ಸೆಯೋ, ಅವರೇ ನೋಡಿ ಹೇಳಲಿ. ಟವೆಲ್‌ನಿಂದ ಮುಖ ಒರೆಸಿಕೊಂಡು ಇವತ್ತೇ ಹೊರಡಿ.