ಓದದೆ ಎತ್ತಿದ ಕೈ

ನರ್ಸಮ್ಮ ಮೊದಲ ಸಲ ಸಂಸತ್ತಿಗೆ ಗೆದ್ದು ಬಂದವಳು. ಮುಂಚೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಿಂದ ಸದನದಲ್ಲೂ ಅದೇ ಹೆಸರು ನಿಂತಿತ್ತು. ಅವತ್ತು ಬೆಳಿಗ್ಗೆ ಸದನಕ್ಕೆ ಹೊರಟಾಗ ತಂಗಿಯ ಫೋನು ಬಂತು.

"ಅಕ್ಕಾ, ಇವರನ್ನ ಪೊಲೀಸರು ಎಳ್ಕೊಂಡು ಹೋದ್ರು! ಮನೇಲಿ ನಾಲ್ಕು ಮಕ್ಕಳಿಗೆ ಪಾಠ ಹೇಳೋಕೂ ಲೈಸೆನ್ಸ್ ಬೇಕಂತೆ. ಹೊಸ ಕಾನೂನಂತೆ. ಯಾರಕ್ಕಾ ಇದನ್ನ ಮಾಡಿದ್ದು?"

ಕಳೆದ ಅಧಿವೇಶನದ ಕೊನೆಯ ದಿನ ಮಸೂದೆಗಳು ಒಂದರ ಹಿಂದೊಂದು ಪಾಸಾಗಿದ್ದವು. ಪಕ್ಷದ ಸಚೇತಕರು ಹಿಂದಿನಿಂದ "ಹ್ಞೂಂ" ಅಂದಾಗಲೆಲ್ಲ ಆಕೆ ಕೈ ಎತ್ತಿದ್ದಳು. ಅದರಲ್ಲಿ ಇದೂ ಒಂದು.

"ವಕೀಲರನ್ನ ಕಳಿಸ್ತೀನಿ, ಅಳಬೇಡ ಕಣೇ" ಅಂದಳಷ್ಟೇ. ತಾನೂ ಕೈ ಎತ್ತಿದ್ದನ್ನು ಹೇಳದೆ ಫೋನು ಇಟ್ಟಳು.

ಸದನದಲ್ಲಿ ಆಕೆಯ ಮೇಜಿನ ಮೇಲೆ ಆಗಲೇ ಮಸೂದೆಗಳ ರಾಶಿ ಬಿದ್ದಿತ್ತು. ಮೇಲಿನದು ಬಾಡಿಗೆ ಮನೆಗಳದ್ದು. ತಿರುವಿ ಹಾಕಿದಳು, ಅಕ್ಷರಗಳು ಕಣ್ಣಿಗೆ ನಿಲ್ಲಲಿಲ್ಲ. ನಾಳೆ ಇದು ಯಾರ ಬಾಗಿಲು ಬಡಿಯುತ್ತದೋ ಎಂದುಕೊಂಡಳು.

"ಪರವಾಗಿರೋರು ಕೈ ಎತ್ತಿ" ಅಂದರು ಸಭಾಧ್ಯಕ್ಷರು.

"ಕೈ, ನರ್ಸಮ್ಮ, ಕೈ!" ಸಚೇತಕರು ಪಿಸುಗುಟ್ಟಿದರು.

ಆಕೆ ಎದ್ದು ನಿಂತಳು. ಮೇಜು ಹಿಡಿದುಕೊಂಡಳು.

"ಅಧ್ಯಕ್ಷರೇ, ನಾನಿದನ್ನ ಓದಿಲ್ಲ."

"ಎಲ್ಲಾ ಓದ್ತಾ ಕೂತ್ರೆ ಇಲ್ಲೇ ಮುದುಕಿ ಆಗ್ತೀರಿ ತಾಯಿ!" ಯಾರೋ ಕೂಗಿದರು. ಸದನ ಘೊಳ್ಳೆಂದಿತು.

"ಹೋದ ಸಲ ಓದದೆ ಕೈ ಎತ್ತಿದೆ. ಇವತ್ತು ನನ್ನ ತಂಗಿ ಗಂಡ ಲಾಕಪ್ಪಲ್ಲಿದ್ದಾರೆ. ಇದನ್ನ ಪೂರ್ತಿ ಓದಿದೋರು ಯಾರಾದ್ರೂ ಇದ್ದೀರಾ?"

ನಗು ನಿಂತಿತು. ಮಂತ್ರಿಗಳು ಅಧಿಕಾರಿಗಳ ಮುಖ ನೋಡಿದರು, ಅಧಿಕಾರಿಗಳು ನೆಲ ನೋಡಿದರು. ಸಭಾಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ಕೊನೆಗೆ ಹೇಳಿದರು: "ಪರಿಶೀಲನಾ ಸಮಿತಿಗೆ ಹೋಗಲಿ. ಇವರೂ ಅದರಲ್ಲಿರಲಿ."

ಹೊರಗೆ ಸಚೇತಕರು ನಗುತ್ತಲೇ ಹತ್ತಿರ ಬಂದರು. "ಮುಂದಿನ ಚುನಾವಣೆ ಮರೆತುಬಿಡಮ್ಮ."

ಗೋಡೆಗೆ ಒರಗಿ ಆಕೆ ತಂಗಿಗೆ ಫೋನು ಮಾಡಿದಳು. "ಆ ಕಾನೂನಿಗೆ ನಾನೂ ಕೈ ಎತ್ತಿದ್ದೆ ಕಣೇ."

ತಂಗಿ ಫೋನು ಕಟ್ ಮಾಡಿದಳು.

ಸಂಜೆಗೆ ತಂಗಿಯ ಗಂಡನಿಗೆ ಜಾಮೀನು ಸಿಕ್ಕಿತು. ತಂಗಿ ಮಾತ್ರ ಫೋನು ಎತ್ತಲಿಲ್ಲ.

ಮರುದಿನ ಸಮಿತಿಯ ಕೋಣೆಯಲ್ಲಿ ನರ್ಸಮ್ಮ ಬಾಡಿಗೆ ಮನೆಗಳ ಮಸೂದೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: "ಇದನ್ನ ಮೀರಿದ್ರೆ ಜೈಲಾ?"

ಮಸೂದೆ ಬರೆದ ಅಧಿಕಾರಿ ಬೆವರು ಒರೆಸಿಕೊಂಡು ಪುಟ ತಿರುವತೊಡಗಿದರು. "ಒಂದು ನಿಮಿಷ ಮೇಡಂ... ನೋಡಿ ಹೇಳ್ತೀನಿ."