ಬಂಗಾಳ ಕೊಲ್ಲಿ

ಅಫ್ಜಲ್ ಹುಟ್ಟಿದ್ದು, ಬೆಳೆದದ್ದು, ಹಣ್ಣು ಮಾರಿದ್ದು ಎಲ್ಲ ಹಲಸೂರು–ಶಿವಾಜಿನಗರದ ನಡುವೆಯೇ. ಹಲಸೂರು ಕೆರೆಗಿಂತ ದೊಡ್ಡ ನೀರನ್ನು ಕಂಡವನಲ್ಲ. ಮಗಳು ಲುಬ್ನಾಳ ಕಾಮಾಲೆ ವಾಸಿಯಾದರೆ ತಮಿಳುನಾಡಿನ ಕಡಲಂಚಿನ ನಾಗೂರು ದರ್ಗಾಕ್ಕೆ ಕಳಿಸುತ್ತೇನೆಂದು ಹರಕೆ ಹೊತ್ತವಳು ಅವನ ಹೆಂಡತಿ ಹಮೀದಾ. ಹೋದವರು ಅಪ್ಪ ಮಗಳು. ಕ್ರಿಸ್‌ಮಸ್ ವ್ಯಾಪಾರ ಬಿಡುವುದುಂಟೇ? ರಸೆಲ್ ಮಾರುಕಟ್ಟೆಯ ಅಂಗಡಿ ನೋಡಿಕೊಳ್ಳಲು ಅವಳು ಉಳಿದಳು.

2004ರ ಆ ಕ್ರಿಸ್‌ಮಸ್ಸಿನ ಮರುದಿನ ಅಂಗಡಿಗೆ ಹೊರಟಿದ್ದವಳನ್ನು ಪಕ್ಕದ ಮನೆಯ ಅನಸೂಯ ಟೀಚರ್ ಕೂಗಿ ಕರೆದರು. ಅವರ ಟಿವಿಯಲ್ಲಿ ಹಿಂದೂ ಮಹಾಸಾಗರದಲ್ಲಿ ಭೂಕಂಪ, ದೈತ್ಯ ಅಲೆಗಳು ಎನ್ನುತ್ತಿದ್ದರು. ಹಮೀದಾಳ ಕನ್ನಡ ಮಾರುಕಟ್ಟೆಯಲ್ಲಿ ಕಿವಿಯಿಂದ ಕಲಿತದ್ದು. ಆದರೂ ಅವಳು ಒಂದು ಮಾತನ್ನು ಹಿಡಿದುಕೊಂಡಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೇ?

"ಮಹಾಸಾಗರ ಅಂತಾವ್ರೆ ಮಿಸ್. ನಾಗೂರಲ್ಲಿರೋದು ಬರೀ ಸಮುದ್ರ ಅಲ್ವಾ?"

ಅನಸೂಯ ಶಾಲೆಯಲ್ಲಿ ಭೂಗೋಳ ಕಲಿಸುವವರು. "ಹೌದು ಹಮೀದಾ, ಎರಡೂ ಬೇರೆ. ಮಹಾಸಾಗರ ತುಂಬ ದೊಡ್ಡದು, ಆಳ, ದೂರ. ಸಮುದ್ರ ಚಿಕ್ಕದು. ಅದರ ಅಂಚಲ್ಲಿ, ನೆಲದ ಪಕ್ಕ ಇರತ್ತೆ."

"ಮಧ್ಯೆ ಏನಿರತ್ತೆ?"

ಅನಸೂಯ ಉತ್ತರ ಕೊಡದೆ ಕಾಫಿ ತರಲು ಎದ್ದರು. ಹಮೀದಾ ಭಯಪಟ್ಟದ್ದು ಆಗಲೇ. ಪಾಠ ಹೇಳುವಾಗ ಈ ಹೆಂಗಸಿನ ಬಾಯಿ ಕಟ್ಟಿದ್ದನ್ನು ಅವಳು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಟಿವಿಯವನು ಮಹಾಸಾಗರ ಬಿಟ್ಟು ಬಂಗಾಳ ಕೊಲ್ಲಿ, ಬಂಗಾಳ ಕೊಲ್ಲಿ ಎನ್ನತೊಡಗಿದ.

"ಮಿಸ್, ಯಾರನ್ನ ಕೊಲ್ಲಿ ಅಂತಾವ್ನೆ?"

"ಅಯ್ಯೋ, ಕೊಲ್ಲೋದಲ್ಲಮ್ಮ. ಅದು ಹೆಸರು ಅಷ್ಟೆ. ಸಮುದ್ರ ನೆಲದ ಒಳಕ್ಕೆ ನುಗ್ಗಿ ಬಂದಿರೋ ಜಾಗಕ್ಕೆ ಕೊಲ್ಲಿ ಅಂತಾರೆ." ಹೇಳಿದ ಮೇಲೆ ಅನಸೂಯ ನಾಲಗೆ ಕಚ್ಚಿಕೊಂಡರು.

"ಒಳಕ್ಕೆ ಬಂದಿದ್ಯಾ?"

ಕಾಫಿ ಆರಿತು. ಆಮೇಲೆ ಬಂದ ಹೆಸರು ನಾಗಪಟ್ಟಣಂ. ನಾಗೂರು ಅದರ ಮಗ್ಗುಲಲ್ಲೇ ಎಂದು ಹಮೀದಾಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಲ್ಲೇ ಇಳಿದು ಬಸ್ಸು ಬದಲಿಸಬೇಕೆಂದು ಗಂಡನಿಗೆ ಹತ್ತು ಸಲ ಹೇಳಿಕೊಟ್ಟವಳು ಅವಳೇ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ದುವಾ ಅರ್ಧಕ್ಕೇ ಮರೆತುಹೋಯಿತು. ಮೊದಲಿಂದ ಶುರುಮಾಡಿದಳು, ಮತ್ತೆ ಮರೆತಳು. ಹರಕೆ ಹೊತ್ತ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡಳು.

ಮಧ್ಯಾಹ್ನ ಅನಸೂಯರ ಫೋನ್ ರಿಂಗಾಯಿತು. ಲುಬ್ನಾ. ಯಾರದೋ ಮೊಬೈಲಿನಿಂದ ಮಾತಾಡುತ್ತಿದ್ದಳು.

"ಅಮ್ಮೀ, ನಾನು ಲಾಡ್ಜಿನ ಮೇಲ್ಗಡೆ ಇದ್ದೀನಿ. ನಂಗೇನೂ ಆಗಿಲ್ಲ."

ಹಮೀದಾಳಿಗೆ ಹೋದ ಜೀವ ಅರ್ಧ ಬಂತು. "ಅಬ್ಬಾಗೆ ಕೊಡು."

"ಅಬ್ಬಾ ಇಲ್ಲ. ನಾನು ಮಲಗಿದ್ದೆ. ಸಮುದ್ರ ನೋಡ್ಕೊಂಡು ಬರ್ತೀನಿ ಅಂತ ಬೆಳಿಗ್ಗೆ ಹೋದ್ರು."

ಹುಲ್ಲುಕಡ್ಡಿ ಇನ್ನೊಂದಿತ್ತು. ಅದನ್ನೂ ಹಿಡಿದಳು. "ಸಮುದ್ರ ಅಲ್ಲಿಂದ ದೂರ ತಾನೇ ಬೇಟಾ? ಅಷ್ಟು ದೂರ ನಡೆದಿರಲ್ಲ ಅವರು. ಎಷ್ಟು ದೂರ ಇದೆ, ಹೇಳು."

ಹುಡುಗಿ ಕೆಳಗೆ ಬಗ್ಗಿ ನೋಡಿ ಹೇಳಿದಳು.

"ಮೆಟ್ಟಿಲ ಹತ್ರಾನೇ ಇದೆ, ಅಮ್ಮೀ."